ದೊಡ್ಡ ಡ್ರಮ್ಮಿನ ಜಾಗ

ಕಾಟನ್‌ಪೇಟೆಯ ವೆಂಕಟಪ್ಪ ನಲವತ್ತು ವರ್ಷದಿಂದ ಬ್ಯಾಂಡ್‌ಸೆಟ್ಟಿನಲ್ಲಿ ದೊಡ್ಡ ಡ್ರಮ್ ಬಾರಿಸುತ್ತಿದ್ದವನು. ಆ ಬೇಸಿಗೆ ಒಂದು ಮದುವೆ ಮೆರವಣಿಗೆಯಲ್ಲಿ ಕಣ್ಣು ಕತ್ತಲೆ ಬಂದು ಕುಸಿದಾಗ ಅವನಿಗಿಂತ ಮೊದಲು ಡ್ರಮ್ ನೆಲಕ್ಕೆ ತಾಗಿತು. ಅದಕ್ಕೇ ತಲೆ ಉಳಿಯಿತೆಂದು ಹೆಂಡತಿ ಹನುಮಕ್ಕ ನೋಡಲು ಬಂದವರಿಗೆಲ್ಲ ಹೇಳುತ್ತಿದ್ದಳು. ನಾಡಿ ನಿಮಿಷಕ್ಕೆ ಮೂವತ್ತೈದಕ್ಕೆ ಇಳಿದಿತ್ತು. ಪೇಸ್‌ಮೇಕರ್ ಹಾಕಲೇಬೇಕು ಎಂದರು ಡಾಕ್ಟರ್ ಮೈತ್ರೇಯಿ.

ವೆಂಕಟಪ್ಪನ ತಕರಾರೇನಿರಲಿಲ್ಲ. ಮತ್ತೆ ಡ್ರಮ್ ಹೊತ್ತು ಛತ್ರದವರೆಗೆ ನಡೆಯಲಾದೀತೇ ಎಂಬುದೊಂದೇ ಅವನ ಚಿಂತೆ. ನಡೆಯಬಹುದು, ಆದರೆ ತಂತಿ ಎಲ್ಲಿ ಕೂರುತ್ತದೆ ಎಂಬುದೂ ಮುಖ್ಯ ಎಂದು ಡಾಕ್ಟರು ಹಾಳೆಯ ಮೇಲೆ ಹೃದಯ ಬರೆದರು. ಎಡಭುಜದ ಕೆಳಗೆ ಚರ್ಮದೊಳಗೆ ಪುಟ್ಟ ಡಬ್ಬಿ, ಅಲ್ಲಿಂದ ಹೃದಯದೊಳಕ್ಕೆ ತೆಳ್ಳನೆಯ ತಂತಿ. ಅದರ ತುದಿಯನ್ನು ಹೃದಯದ ಬಲಭಾಗದ ತಳದಲ್ಲಿ ಕೂರಿಸಿದರೆ ಕೆಲಸ ಬೇಗ ಮುಗಿಯುತ್ತದೆ. ಆದರೆ ಬಡಿತ ಅಲ್ಲಿಂದ ಹೊರಟರೆ ಎಡಭಾಗಕ್ಕೆ ಚೂರು ತಡವಾಗಿ ಮುಟ್ಟುತ್ತದೆ. ವರ್ಷ ಕಳೆದಂತೆ ಕೆಲವರ ಹೃದಯ ಸೋಲುವುದುಂಟು. ಎರಡು ಭಾಗಗಳ ನಡುವಿನ ಗೋಡೆಯಲ್ಲಿ ಕೂರಿಸಿದರೆ ಎರಡೂ ಹೆಚ್ಚುಕಡಿಮೆ ಒಟ್ಟಿಗೆ ಬಡಿಯುತ್ತವೆ. ಅಲ್ಲಿ ಸರಿಯಾದ ಜಾಗ ಹುಡುಕಲು ಹೊತ್ತು ಬೇಕು, ಸಿಗದೆಯೂ ಇರಬಹುದು.

"ಬೇಗ ಮುಗಿಯೋದೇ ಮಾಡ್ಬಿಡಿ ಮೇಡಂ," ಎಂದಳು ಹನುಮಕ್ಕ. "ಇವ್ರು ಸೂಜಿ ಕಂಡ್ರೇ ಓಡೋರು."

ವೆಂಕಟಪ್ಪ ಹಾಳೆಯನ್ನೇ ನೋಡುತ್ತಿದ್ದ. ಬ್ಯಾಂಡಿಗೆ ಸೇರಿದ ಹೊಸತರಲ್ಲಿ ಒಂದು ಮದುವೆ. ಗಂಡನ್ನು ಹೊತ್ತ ಕುದುರೆ ಡ್ರಮ್ಮಿಗೆ ಬೆದರುತ್ತದೆಂದು ಇವನನ್ನು ಸಾಲಿನ ಕೊನೆಗೆ ಕಳಿಸಿದ್ದರು. ಗಲ್ಲಿ ಉದ್ದ, ಏಟು ಮುಂದಿನವರಿಗೆ ತಡವಾಗಿ ಕೇಳಿತು. ತುತ್ತೂರಿಯವರು ಒಂದು ಕಡೆ ಹೋದರು, ತಾಳದವರು ಇನ್ನೊಂದು ಕಡೆ. ನಗದೆ ಇದ್ದದ್ದು ಕುದುರೆ ಮಾತ್ರ. ಅಂದಿನಿಂದ ಯಾರು ಏನೇ ಹೇಳಲಿ, ವೆಂಕಟಪ್ಪ ಸಾಲಿನ ನಡುವೆ ನಿಂತೇ ಬಾರಿಸುತ್ತಿದ್ದ.

"ನಡುವೇನೇ ಇರ್ಲಿ ಮೇಡಂ," ಎಂದ. "ಒಂದು ಕೊನೇಲಿದ್ರೆ ಎಲ್ರಿಗೂ ಒಟ್ಗೆ ಮುಟ್ಟಲ್ಲ." ಕುದುರೆಯ ಕಥೆಯನ್ನೂ ಹೇಳಿದ. ಡಾಕ್ಟರು ಪೆನ್ನು ಕೆಳಗಿಟ್ಟು ನಕ್ಕರು.

ಆಪರೇಷನ್ ದಿನ ಭುಜದ ಜಾಗ ಮಾತ್ರ ಮರಗಟ್ಟಿಸಿದ್ದರಿಂದ ಮೇಜಿನ ಮೇಲೆ ಅವನಿಗೆ ಎಚ್ಚರವಿತ್ತು. ತಂತಿ ಎರಡು ಸಲ ಸರಿಯಾಗಿ ಕೂರಲಿಲ್ಲ. ಇನ್ನೊಂದು ಸಲ ನೋಡುತ್ತೇನೆ, ಆಗದಿದ್ದರೆ ತಳದಲ್ಲೇ ಹಾಕುವುದು ಎಂದು ಡಾಕ್ಟರು ತಿಳಿಸಿದರು.

"ನಿಧಾನಕ್ಕೆ ನೋಡಿ ಮೇಡಂ. ಛತ್ರ ಎಲ್ಲೂ ಓಡೋಗಲ್ಲ," ಎಂದ ವೆಂಕಟಪ್ಪ.

ಮೂರನೆಯ ಸಲ ಕೂತಿತು. ಯಾರೂ ಹೇಳುವ ಮೊದಲೇ, ಪಕ್ಕದ ಯಂತ್ರದ ಸದ್ದು ಒಂದೇ ಸಮ ಬರತೊಡಗಿದ್ದನ್ನು ಅವನ ಕಿವಿ ಹಿಡಿಯಿತು. ಹೊದಿಕೆಯ ಕೆಳಗೆ ಬಲಗೈ ಬೆರಳು ಮೆಲ್ಲಗೆ ಅದರ ಜೊತೆ ಬಡಿಯಿತು.

ಒಂದೂವರೆ ತಿಂಗಳು ಎಡಗೈಯನ್ನು ಭುಜದ ಮೇಲೆ ಎತ್ತುವಂತಿರಲಿಲ್ಲ. ತಲೆ ಬಾಚುವ ಕೆಲಸ ಹನುಮಕ್ಕನಿಗೆ ಬಿತ್ತು. ಆಮೇಲೂ ಡ್ರಮ್ಮಿನ ಪಟ್ಟಿ ಬಲಭುಜಕ್ಕೇ ಇರಲಿ ಎಂದಿದ್ದರು ಡಾಕ್ಟರು. ಹನುಮಕ್ಕ ಹಳೆಯ ಪಟ್ಟಿ ಬಿಚ್ಚಿ, ಹತ್ತಿ ತುಂಬಿ, ಬಲಕ್ಕೆ ಹೊಂದುವಂತೆ ಹೊಲಿದಳು.

ಕಾರ್ತಿಕದಲ್ಲಿ ಮೊದಲ ಮದುವೆ. ನಿಧಾನಕ್ಕೆ ನಡೆದು ಬರಲಿ ಎಂದು ಬ್ಯಾಂಡಿನವರು ಅವನಿಗೆ ಕೊನೆಯಲ್ಲಿ ಜಾಗ ಬಿಟ್ಟಿದ್ದರು. ವೆಂಕಟಪ್ಪ ನಡುವೆ ಹೋಗಿ ನಿಂತ. ನಲವತ್ತು ವರ್ಷದಲ್ಲಿ ಒಮ್ಮೆಯೂ ಬ್ಯಾಂಡಿನ ಜೊತೆ ಬಾರದ ಹನುಮಕ್ಕ ಅಂದು ನೀರಿನ ಬಾಟಲಿ ಹಿಡಿದು ಪಕ್ಕದಲ್ಲೇ ನಡೆದಳು. ಅರ್ಧ ದಾರಿಯಲ್ಲಿ ನಾಡಿ ನೋಡಲೆಂದು ಅವನ ಕೈಗೆ ಕೈ ಹಾಕಿದಳು.

"ಎರಡು ಕೈಯೂ ಬೇಕು ಕಣೆ," ಎಂದ ವೆಂಕಟಪ್ಪ. "ಕಿವಿ ಕೊಟ್ಕೊಂಡು ನಡಿ, ಗೊತ್ತಾಗ್ತದೆ."

ಅವಳು ಛತ್ರದವರೆಗೂ ಹಾಗೇ ನಡೆದಳು.