ಆರಿಂಚಿನ ಪುಲ್ಲಿ

ಆಗೆಲ್ಲ ಖಾರದ ಪುಡಿ ಪಾಕೀಟಿನಲ್ಲಿ ಬರುತ್ತಿರಲಿಲ್ಲ. ಬಂದರೂ ನಮ್ಮ ಕಡೆಯ ಹೆಂಗಸರು ಅದನ್ನು ಹೊಸ್ತಿಲು ದಾಟಿಸುತ್ತಿರಲಿಲ್ಲ. ಶಿವರಾತ್ರಿ ಕಳೆದು ಬಿಸಿಲು ಚುರುಗುಟ್ಟತೊಡಗಿತೆಂದರೆ ಮುಗಳಖೋಡದ ಮಾಳಿಗೆಗಳ ಮೇಲೆಲ್ಲ ಮೆಣಸಿನಕಾಯಿ ಹರವಿರುತ್ತಿದ್ದರು. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಸಂಕೇಶ್ವರಿ. ಯಾವುದು ಎಷ್ಟು ಹಾಕಬೇಕು ಎನ್ನುವ ವಿಷಯಕ್ಕೆ ಅತ್ತೆ ಸೊಸೆಯರು ಮಾತು ಬಿಟ್ಟದ್ದೂ ಉಂಟು. ಕೊಬ್ಬರಿ, ಎಳ್ಳು, ಹವೀಜ, ಲವಂಗ, ದಗಡಫೂಲು ಬೇರೆ ಬೇರೆ ಹುರಿದು, ಉಳ್ಳಾಗಡ್ಡಿ ಬಳ್ಳೊಳ್ಳಿ ಕರಿದು, ಎಲ್ಲವನ್ನೂ ಬುಟ್ಟಿಯಲ್ಲಿಟ್ಟುಕೊಂಡು ಹೊತ್ತೇರುವ ಮೊದಲೇ ನಮ್ಮ ಮನೆಯ ಮುಂದಿನ ತಗಡಿನ ಶೆಡ್ಡಿಗೆ ಬಂದು ಪಾಳಿ ಹಚ್ಚುತ್ತಿದ್ದರು. ಅಲ್ಲಿ ನಮ್ಮ ಅತ್ತಿಯ ಖಾರ ಕುಟ್ಟುವ ಮಷಿನ್ ಇತ್ತು.

ಅತ್ತಿ ಎಂದರೆ ನನ್ನ ಅಪ್ಪನ ಅಕ್ಕ, ಗಂಗವ್ವ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು, ಬರುವಾಗ ಗಂಡ ನಡೆಸುತ್ತಿದ್ದ ಆ ಮಷಿನ್ನನ್ನು ಟ್ರ್ಯಾಕ್ಟರಿನಲ್ಲಿ ಹೇರಿಸಿಕೊಂಡೇ ಬಂದಿದ್ದಳು. ಮಷಿನ್ ಅತ್ತಿಯದು, ಅದು ನಿಂತ ಶೆಡ್ಡು ಮಾತ್ರ ಬಾಳು ಕಾಕಾನದು. ಬಾಳು ಕಾಕಾ ಅಪ್ಪನ ತಮ್ಮ. ಕೆಲಸ ಕಡಿಮೆ, ಕಾರುಭಾರ ಹೆಚ್ಚು. ಶೆಡ್ಡಿನ ಬಾಗಿಲಲ್ಲಿ ಹೊರಸು ಹಾಕಿಕೊಂಡು ಪಾಳಿಯ ಹೆಂಗಸರಿಗೆಲ್ಲ ಬುದ್ಧಿ ಹೇಳುವುದು ಅವನ ಮುಖ್ಯ ಉದ್ಯೋಗವಾಗಿತ್ತು.

ಮಷಿನ್ ಎಂದರೆ ಸಾಲಾಗಿ ನಿಂತ ಎಂಟು ಕಬ್ಬಿಣದ ಒನಕೆ, ಕೆಳಗೆ ಎಂಟು ಒರಳು. ಮೂಲೆಯಲ್ಲಿ ಮೂರು ಹೆಚ್.ಪಿ.ಯ ಮೋಟರ್. ಅದರ ದಂಡಕ್ಕೆ ಅಂಗೈಯಷ್ಟು ಅಗಲದ ಪುಲ್ಲಿ. ಆ ಪುಲ್ಲಿಯಿಂದ ಹೊರಟ ಪಟ್ಟಾ ನನ್ನ ಎದೆಯೆತ್ತರದ ದೊಡ್ಡ ಗಾಲಿಯನ್ನು ತಿರುಗಿಸುತ್ತಿತ್ತು. ಗಾಲಿ ತಿರುಗಿದಂತೆ ಅದರ ದಂಡದ ಮೇಲಿನ ಹಲ್ಲುಗಳು ಒನಕೆಗಳನ್ನು ಒಂದಾದ ಮೇಲೊಂದು ಎತ್ತಿ ಕೈಬಿಡುತ್ತಿದ್ದವು. ಧಡ್ ಧಡ್ ಎಂದು ಇಡೀ ಓಣಿ ಅದುರುತ್ತಿತ್ತು. ಅತ್ತಿ ಮೂಗು ಬಾಯಿಗೆ ಸೆರಗು ಕಟ್ಟಿಕೊಂಡು, ಪುಡಿ ಹಾರದಂತೆ ಒರಳಿಗೆ ಒಂದೊಂದು ಚಮಚ ಎಣ್ಣೆ ಬಿಡುತ್ತ ಓಡಾಡುತ್ತಿದ್ದಳು. ನಾವು ಹುಡುಗಿಯರು ಕಣ್ಣು ಮುಚ್ಚಿಕೊಂಡು, ಈಗ ಕುಟ್ಟುತ್ತಿರುವುದು ಯಾರ ಮನೆಯ ಖಾರ ಎಂದು ವಾಸನೆಯ ಮೇಲೆಯೇ ಹೇಳುವ ಆಟ ಆಡುತ್ತಿದ್ದೆವು. ಮೊದಲು ಸೀನಿದವಳು ಔಟು.

ಆ ವರ್ಷ ನಾನು ಹತ್ತನೇತ್ತೆಯ ಪರೀಕ್ಷೆ ಬರೆದು ಕೂತಿದ್ದೆ. ನನಗೆ ಚಿಕ್ಕೋಡಿಗೆ ಹೋಗಿ ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಬೇಕಿತ್ತು. ಅದೊಂದೇ ಹುಚ್ಚು. ಹುಡುಗಿಯರು ಅದನ್ನು ಮಾಡುತ್ತಾರೋ ಇಲ್ಲವೋ ನನಗೆ ಗೊತ್ತಿರಲಿಲ್ಲ, ಕೇಳಲೂ ಹೋಗಲಿಲ್ಲ. ಆ ಮೂಲೆಯ ಮೋಟರ್ ಯಾಕೆ ತಿರುಗುತ್ತದೆ, ಅಷ್ಟು ಸಣ್ಣದು ಅಷ್ಟು ದೊಡ್ಡ ಗಾಲಿಯನ್ನು ಹೇಗೆ ಎಳೆಯುತ್ತದೆ ಎಂದು ಗಂಟೆಗಟ್ಟಲೆ ನೋಡುತ್ತಿದ್ದೆ. ಶಾಲೆಯ ವಿಜ್ಞಾನದ ಗುರುಗಳು ಪುಲ್ಲಿಯ ಲೆಕ್ಕ ಹೇಳಿಕೊಟ್ಟ ದಿನ ಮನೆಗೆ ಓಡಿ ಬಂದು, ಅತ್ತಿಯ ಹೊಲಿಗೆಯ ಟೇಪಿನಿಂದ ಗಾಲಿ ಅಳೆದಿದ್ದೆ. ಡಿಪ್ಲೊಮಾದ ಮಾತಿಗೆ ಅಪ್ಪ "ನೋಡೂಣು" ಎಂದಿದ್ದ. ನಮ್ಮ ಮನೆಯಲ್ಲಿ ನೋಡೂಣು ಎಂದರೆ ಮುಕ್ಕಾಲು ಹೂಂ. "ನಾ ಅವನ ಬೆನ್ನ ಹತ್ತತೀನಿ, ನೀ ಸುಮ್ನಿರು" ಎಂದು ಅತ್ತಿಯೂ ಮಾತು ಕೊಟ್ಟಿದ್ದಳು. ಅಪ್ಪ ಅಕ್ಕನ ಮಾತನ್ನು ತೆಗೆದುಹಾಕುವವನಲ್ಲ.

ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಹೋದರೆ ಸಂಜೆಯವರೆಗೆ ಬರದ ಕಾಲ ಅದು. ಪಾಳಿಯವರು ಬುಟ್ಟಿಗಳನ್ನು ಸಾಲಾಗಿಟ್ಟು ಊಟಕ್ಕೆ ಮನೆಗೆ ಹೋದರು. ಶೆಡ್ಡಿನಲ್ಲಿ ಉಳಿದವರು ನಾವು ಮೂವರು. ಅತ್ತಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು, ಕಾಕಾ ಹೊರಸಿನ ಮೇಲೆ ಬಿದ್ದುಕೊಂಡಿದ್ದ. ತಗಡಿನ ಮೇಲೆ ಕಾಗೆ ನಡೆದಾಡುವ ಸಪ್ಪಳ ಕೂಡ ಕೇಳುವಷ್ಟು ನಿಶ್ಶಬ್ದ. ಬಸ್ ಸ್ಟ್ಯಾಂಡಿನ ಹತ್ತಿರ ಹೊಸ ಮಷಿನ್ ಬಂದಿದೆ, ಅಲ್ಲಿ ಬೇಗ ಬೇಗ ಕುಟ್ಟಿ ಕೊಡುತ್ತಾರೆ ಎಂಬ ಸುದ್ದಿ ಕಾಕಾನನ್ನು ಎರಡು ದಿನದಿಂದ ಕೊರೆಯುತ್ತಿತ್ತು.

"ಏ ಸವಿ, ಲೆಕ್ಕದಾಗ ಭಾಳ ಶಾಣೇಕಿ ಅಂತಲ್ಲ ನೀ. ಈ ಗಾಲಿ ಈಗಿನಕಿಂತಾ ಎರಡ ಪಟ್ಟ ಜೋರ ತಿರಗಬೇಕಂದ್ರ ಏನ್ ಮಾಡಬೇಕ, ಹೇಳ ನೋಡೂಣು" ಎಂದ.

ನನಗೆ ಅಷ್ಟು ಸಾಕಾಗಿತ್ತು. ನೆಲದ ಮೇಲೆ ಕೂತಿದ್ದ ಖಾರದ ಧೂಳಿನಲ್ಲಿಯೇ ಬೆರಳಿನಿಂದ ಬರೆಯತೊಡಗಿದೆ. ಮೋಟರಿನ ಸುತ್ತನ್ನು ಅದರ ಪುಲ್ಲಿಯ ಅಗಲಕ್ಕೆ ಗುಣಿಸಿದರೆ ಎಷ್ಟೋ, ಗಾಲಿಯ ಸುತ್ತನ್ನು ಗಾಲಿಯ ಅಗಲಕ್ಕೆ ಗುಣಿಸಿದರೂ ಅಷ್ಟೇ ಬರಬೇಕು. ಪಟ್ಟಾ ಒಂದೇ ಅಲ್ಲವೇ, ಇಲ್ಲಿ ಎಷ್ಟು ಓಡುತ್ತದೋ ಅಲ್ಲಿಯೂ ಅಷ್ಟೇ ಓಡುತ್ತದೆ. ಮೋಟರಿನ ಬಿಲ್ಲೆಯ ಮೇಲೆ ನಿಮಿಷಕ್ಕೆ ಸಾವಿರದ ನಾನೂರಾ ನಲವತ್ತು ಸುತ್ತು ಎಂದಿತ್ತು. ಪುಲ್ಲಿ ಮೂರಿಂಚು, ಗಾಲಿ ನಲವತ್ತೆಂಟು ಇಂಚು. ಅಂದರೆ ಗಾಲಿಗೆ ತೊಂಬತ್ತು ಸುತ್ತು. ಅದು ನೂರಾ ಎಂಬತ್ತಾಗಬೇಕು.

"ಮೋಟರಿಗೆ ಆರ ಇಂಚಿನ ಪುಲ್ಲಿ ಹಾಕಬೇಕ ಕಾಕಾ."

"ಭಲೆ! ಆರ ಇಂಚು!" ಕಾಕಾ ಎದ್ದು ಕೂತ.

"ತಡಿ ಕಾಕಾ, ಲೆಕ್ಕ ಮುಗದಿಲ್ಲ. ಒನಕಿ ಭಾರ ಅಷ್ಟ ಐತಿ, ಎತ್ತೂ ಎತ್ತರಾನೂ ಅಷ್ಟ. ಖರೆ ಒಂದ ನಿಮಿಷದಾಗ ಎರಡ ಪಟ್ಟ ಸಲ ಎತ್ತಬೇಕಲ್ಲ? ಅಂದ್ರ ಮೋಟರಿಗೂ ಎರಡ ಪಟ್ಟ ತಾಕತ್ತ ಬೇಕ. ಇದು ಈಗ ತುಂಬಿ ಓಡಾಕತ್ತೈತಿ, ಮೈ ಮುಟ್ಟಿದ್ರ ಕೈ ಸುಡತೈತಿ. ಪುಲ್ಲಿ ಬದಲಿಸಿದ್ರ ಮೋಟರೂ ಬದಲಿಸಬೇಕ. ಐದ ಹೆಚ್ಪೀದೂ ಸಾಲೂದಿಲ್ಲ, ಏಳೂವರೀದ ಬೇಕಾಕ್ಕೈತಿ."

ಕಾಕಾ ಆಗಲೇ ಚಪ್ಪಲಿ ಹುಡುಕುತ್ತಿದ್ದ. ಅತ್ತಿ ತೊಟ್ಟು ಬಿಡಿಸುವುದನ್ನು ನಿಲ್ಲಿಸಿ, "ಬಾಳೂ, ಮೋಟರೂ ಬದಲಿಸಬೇಕಂತ, ಕೇಳಸ್ತೇನ?" ಎಂದಳು.

"ಆಮ್ಯಾಲ ನೋಡೂಣಕ್ಕಾ" ಎನ್ನುತ್ತ ಕಾಕಾ ಅಥಣಿಯ ಬಸ್ಸು ಹಿಡಿಯಲು ಹೊರಟೇಹೋದ. ನಾನು ಆ ಸಂಭ್ರಮದಲ್ಲಿ ಖಾರದ ಬೆರಳಿನಿಂದಲೇ ಕಣ್ಣು ಉಜ್ಜಿಕೊಂಡು ಸಂಜೆಯವರೆಗೂ ಅಳುತ್ತ ಕೂತೆ. ಅತ್ತಿ ನನ್ನ ಕಣ್ಣಿಗೆ ನೀರು ಹಾಕಿ, ನೆಲ ಗುಡಿಸಿ, ದೀಪ ಹಚ್ಚಿದಳು.

ಹೊಸ ಪುಲ್ಲಿ ಬಂತು, ಪಟ್ಟಾವೂ ಹೊಸದು ಬಂತು. ಹಳೆಯ ಮೋಟರ್ ಹಾಗೇ ಇತ್ತು. ಸ್ವಿಚ್ ಹಾಕಿದ ಕೂಡಲೇ ಒನಕೆಗಳು ಹುಚ್ಚು ಹಿಡಿದವರ ಹಾಗೆ ಕುಣಿದವು. ಕಾಕಾ ಹೆಮ್ಮೆಯಿಂದ ಎಲ್ಲರ ಮುಖ ನೋಡುವಷ್ಟರಲ್ಲಿ ಫ್ಯೂಜು ಹೋಯಿತು. ತಂತಿ ಹಾಕಿದ, ಮತ್ತೆ ಹೋಯಿತು. ಆ ಫ್ಯೂಜು ನಾನು ಹೇಳಿದ್ದನ್ನೇ ಇನ್ನೊಮ್ಮೆ ಹೇಳುತ್ತಿತ್ತು, ಆದರೆ ಆ ಮನೆಯಲ್ಲಿ ಅದರ ಮಾತಿಗೂ ನನ್ನ ಮಾತಿಗೂ ಒಂದೇ ಬೆಲೆ.

"ಕಾಕಾ, ಲೋಡ್ ಹೆಚ್ಚಾಗೈತಿ, ಅದಕ್ಕ ಹೋಗಾಕತ್ತೈತಿ" ಎಂದೆ.

"ಫ್ಯೂಜಿಗೆ ಸೊಕ್ಕ ಬಂದೈತಿ. ಇಳಸ್ತೀನಿ ತಡಿ" ಎಂದು ಕಾಕಾ ಹಳೆಯ ವಾಯರಿನಿಂದ ದಪ್ಪ ತಾಮ್ರದ ಎಳೆ ಕಿತ್ತು, ಎರಡೆರಡು ಸುತ್ತು ಹೊಸೆದು ಫ್ಯೂಜಿಗೆ ಬಿಗಿದ. ನಮ್ಮ ಸೀಮೆಯಲ್ಲಿ ಪಂಪಸೆಟ್ ಇದ್ದವರೆಲ್ಲ ಇದನ್ನೇ ಮಾಡುತ್ತಾರೆ, ಮಾಡಿ ಮೀಸೆಯನ್ನೂ ತಿರುವುತ್ತಾರೆ. ಆಮೇಲೆ ಫ್ಯೂಜು ಹೋಗಲಿಲ್ಲ. ಸುಡಬೇಕಾದದ್ದು ಸುಡದಿದ್ದರೆ ಸುಡಬಾರದ್ದು ಸುಡುತ್ತದೆ ಎನ್ನುವುದನ್ನು ತಿಳಿಯಲು ಡಿಪ್ಲೊಮಾ ಬೇಕಿರಲಿಲ್ಲ.

ಪಾಳಿ ಬೇಗ ಕರಗತೊಡಗಿತು, ಕಾಕಾ ಹಿಗ್ಗಿದ. ಆದರೆ ಒರಳಿನಿಂದ ಹೊರಬಂದ ಖಾರ ಬಿಸಿಯಾಗಿರುತ್ತಿತ್ತು, ಬಣ್ಣ ಕಪ್ಪಿಗೆ ತಿರುಗಿತ್ತು. "ಗಂಗಕ್ಕಾ, ನನ್ನ ಖಾರ ಸುಟ್ಟ ವಾಸನಿ ಬರಾಕತ್ತೈತಲ್ಲ" ಎಂದು ಒಬ್ಬಾಕೆ ಕೇಳಿಯೂಬಿಟ್ಟಳು. ವಾರ ತುಂಬುವುದರೊಳಗೆ, ಅಂಗಳದ ತುಂಬ ಬುಟ್ಟಿಗಳಿದ್ದ ಒಂದು ಮುಂಜಾನೆ, ಮೋಟರ್ ಗುಂಯ್ ಎಂದು ನಿಂತಿತು. ಅದರ ಹೊಟ್ಟೆಯಿಂದ ನೀಲಿ ಹೊಗೆ ಬಂತು. ಖಾರದ ಘಾಟನ್ನೂ ಮೀರಿದ ಆ ಸುಟ್ಟ ವಾರ್ನಿಶಿನ ವಾಸನೆ ನನಗೆ ಇವತ್ತಿಗೂ ಮರೆತಿಲ್ಲ. ಹೆಂಗಸರು ಅರ್ಧ ಕುಟ್ಟಿದ ಖಾರವನ್ನು ಬಳಿದುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರು.

ಮೋಟರ್ ರಿಪೇರಿಯ ಸಲೀಮ್ ಚಾಚಾ ಬಂದು ಬಿಚ್ಚಿ ನೋಡಿದರು. ಕರ್ರಗಾದ ಸುರುಳಿಗಳನ್ನು ಬೆರಳಿನಿಂದ ಸವರಿ, "ಓವರ್‌ಲೋಡ್ ಆಗೈತ್ರಿ. ಇಷ್ಟ ದೊಡ್ಡ ಪುಲ್ಲಿ ಹಾಕ್ರಿ ಅಂತ ಯಾರ ಲೆಕ್ಕಾ ಮಾಡಿ ಹೇಳಿದ್ರು?" ಎಂದು ಕೇಳಿದರು. ಆ ಮನುಷ್ಯನ ಮನಸ್ಸಿನಲ್ಲಿ ಏನೂ ಇರಲಿಲ್ಲ. ಕಾಕಾನಿಗೆ ಮಾತ್ರ ತಪ್ಪಿಸಿಕೊಳ್ಳಲು ದಾರಿ ಸಿಕ್ಕಿತು.

"ನಮ್ಮ ಸವಿ. ಹತ್ತನೇತ್ತಾ ಕಲತಾಳಲ್ಲ, ಆಕಿ ಲೆಕ್ಕ" ಎಂದ.

ಅಪ್ಪ ಹೊಲದಿಂದ ಬರುವ ಹೊತ್ತಿಗೆ ಊರಿಗೆಲ್ಲ ಸುದ್ದಿಯಾಗಿತ್ತು. ಪಡಸಾಲೆಯಲ್ಲಿ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು ಅಪ್ಪ ಕೇಳಿದ:

"ಆರ ಇಂಚಿಂದ ಹಾಕ ಅಂತ ನೀ ಹೇಳಿದ್ದೇನ?"

"ಹೌದಪ್ಪಾ. ಮೋಟರೂ ಬದಲಿ ಮಾಡಬೇಕಂತ ಆವಾಗ್ಲೇ ಹೇಳೇನಿ. ಏಳೂವರಿ ಹೆಚ್ಪೀದ ಬೇಕಂತ ಹೇಳೇನಿ."

"ಸುಳ್ಳ!" ಎಂದ ಕಾಕಾ. "ಹಂಗ ಹೇಳಿದ್ರ ನನಗ ಬುದ್ಧಿ ಇರಲಿಲ್ಲೇನ?"

"ಅತ್ತಿ ಅಲ್ಲೇ ಇದ್ದಳು. ಅತ್ತೀನ ಕೇಳ್ರಿ."

ಅತ್ತಿ ಕಂಬಕ್ಕೆ ಒರಗಿ, ಮೊರ ಮುಂದಿಟ್ಟುಕೊಂಡು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಎಲ್ಲರೂ ಅವಳತ್ತ ತಿರುಗಿದರು. ನನಗೆ ಒಂದಿಷ್ಟೂ ಹೆದರಿಕೆ ಇರಲಿಲ್ಲ. ಅತ್ತಿ ಕಾಕಾನ ಮುಖ ನೋಡಿದಳು, ಆಮೇಲೆ ಮೊರ ನೋಡಿದಳು.

"ಮಷಿನ್ ಸಪ್ಪಳದಾಗ ನನಗ ಏನೂ ಕೇಳಸಲಿಲ್ಲವ್ವಾ" ಎಂದಳು.

"ಅತ್ತಿ, ಕರೆಂಟ್ ಇರಲಿಲ್ಲ! ಮಷಿನ್ ಎಲ್ಲಿತ್ತು ಸಪ್ಪಳ ಮಾಡಾಕ? ನೀನ ಕಾಕಾಗ ಹೇಳಿದಿ!" ಎಂದು ಕಿರುಚಿದೆ.

"ದೊಡ್ಡವರಿಗೆ ಎದರ ಮಾತಾಡ್ತೀ?" ಎಂದು ಅಪ್ಪ ಕೈ ಎತ್ತಿದ. ಹೊಡೆಯಲಿಲ್ಲ. ಹೊಡೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತೇನೋ. ಆಗ ಕಾಕಾ ನಗುತ್ತ, "ಮನ್ಯಾನ ಮೋಟರ್ ಸುಟ್ಟಾತು. ಇನ್ನ ಊರ ಮೋಟರ್ ಸುಡಾಕ ಈಕಿನ್ನ ಚಿಕ್ಕೋಡಿಗೆ ಕಳಸ್ತೀಯೇನಣ್ಣಾ?" ಎಂದ. ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ನನ್ನ ಡಿಪ್ಲೊಮಾ ಆ ನಗೆಯಲ್ಲಿ ಹೋಯಿತು. ಬೇಡ ಎಂದು ಯಾರೂ ಹೇಳಲೂ ಇಲ್ಲ.

ಫಲಿತಾಂಶ ಬಂದಾಗ ಗಣಿತ ವಿಜ್ಞಾನ ಎರಡರಲ್ಲೂ ಶಾಲೆಗೆ ನಾನೇ ಮೊದಲು. ಅಪ್ಪ ಓಣಿಗೆಲ್ಲ ಪೇಢೆ ಹಂಚಿ, ಮರುವಾರ ನನ್ನ ಹೆಸರನ್ನು ಆರ್ಟ್ಸಿಗೆ ಹಚ್ಚಿ ಬಂದ. ಕಾಕಾ ಮೋಟರಿಗೆ ಸುರುಳಿ ಕಟ್ಟಿಸಿ, ಹಳೆಯ ಮೂರಿಂಚಿನ ಪುಲ್ಲಿಯನ್ನು ಸದ್ದಿಲ್ಲದೆ ತಿರುಗಿ ಹಾಕಿದ. ಒನಕೆಗಳು ಮೊದಲಿನ ಹಾಗೆ ನಿಧಾನಕ್ಕೆ ಬಿದ್ದವು, ಹೆಂಗಸರೂ ತಿರುಗಿ ಬಂದರು. ಆರಿಂಚಿನದು ಹಿತ್ತಲ ಬಾಗಿಲಿಗೆ ಆನಿಕೆಯಾಯಿತು. ಅಲ್ಲಿಂದ ಮುಂದೆ ಮನೆಯಲ್ಲಿ ದೀಪ ಆರಿದರೂ, ಮಿಕ್ಸರ್ ಕೆಟ್ಟರೂ, ಗಾಡಿ ಪಂಕ್ಚರ್ ಆದರೂ ಒಂದೇ ಮಾತು: "ಸವಿ ಲೆಕ್ಕ ಮಾಡ್ಯಾಳೇನ?" ನನ್ನ ಮದುವೆಯ ಚಪ್ಪರದಲ್ಲಿ ಮೈಕು ಕೈಕೊಟ್ಟಾಗಲೂ ಅದನ್ನೇ ಅಂದು ನಕ್ಕರು. ಗಂಡಿನ ಕಡೆಯವರು ಕೇಳಿದರೆಂದು ಕಥೆಯನ್ನು ಪೂರ್ತಿ ಹೇಳಿದರು, ನಾನು ಅರ್ಧ ಲೆಕ್ಕವೇ ಮಾಡಿದ್ದೆ ಎನ್ನುವಂತೆ.

ಅತ್ತಿ ಯಾಕೆ ಹಾಗಂದಳು ಎನ್ನುವುದು ನನಗೆ ತಿಳಿಯದ್ದೇನಲ್ಲ. ಶೆಡ್ಡು ಕಾಕಾನದು. ಮೋಟರ್ ಕಟ್ಟಿಸಿಕೊಡಬೇಕಾದವನೂ ಅವನೇ. ಅವನನ್ನು ಎಲ್ಲರೆದುರು ಸುಳ್ಳನನ್ನಾಗಿ ಮಾಡಿ ಆ ಮಷಿನ್ನನ್ನು ಅವಳು ಎಲ್ಲಿಗೆ ಹೊತ್ತುಕೊಂಡು ಹೋಗಬೇಕಿತ್ತು? ಇದೆಲ್ಲ ನನಗೆ ಅರ್ಥವಾಗುತ್ತದೆ. ಅರ್ಥವಾದರೆ ಸಿಟ್ಟು ಇಳಿಯುತ್ತದೆ ಎನ್ನುವವರಿಗೆ ಸಿಟ್ಟು ಬಂದೇ ಇರುವುದಿಲ್ಲ. ಕಾಕಾನ ಮೇಲೆ ನನಗೆ ಅಷ್ಟು ಸಿಟ್ಟಿರಲಿಲ್ಲ, ಅವನು ಇದ್ದದ್ದೇ ಹಾಗೆ. ಕಣ್ಣಿಗೆ ನೀರು ಹಾಕಿದವಳೇ ಹೀಗೆ ಮಾಡಿದಳಲ್ಲ ಎನ್ನುವುದೇ ನನ್ನ ಸಂಕಟ.

ಮದುವೆಯಾಗಿ ಉಗಾರಕ್ಕೆ ಬಂದೆ. ಮನೆಯಲ್ಲೇ ಹತ್ತನೇತ್ತೆಯ ಮಕ್ಕಳಿಗೆ ಗಣಿತ, ವಿಜ್ಞಾನ ಹೇಳಿಕೊಡುತ್ತೇನೆ. ಅತ್ತಿ ಪ್ರತಿ ವರ್ಷ ತಪ್ಪದೆ ಒಂದು ಸ್ಟೀಲಿನ ಡಬ್ಬಿ ತುಂಬ ಮಸಾಲೆ ಖಾರ ಕಳಿಸುತ್ತಿದ್ದಳು. ಬ್ಯಾಡಗಿ ಹೆಚ್ಚು, ಸಂಕೇಶ್ವರಿ ಕಡಿಮೆ, ನನಗೆ ಹಿಡಿಸುವ ಹಾಗೆ. ಕಾಕಾ ತೀರಿಕೊಂಡ ಮೇಲಾದರೂ ಆ ಡಬ್ಬಿಯ ಜೊತೆ ಒಂದು ಮಾತು ಬರುತ್ತದೆ ಎಂದು ಕಾದೆ. ಖಾರವಷ್ಟೇ ಬಂತು.

ಹೋದ ಬೇಸಿಗೆಯಲ್ಲಿ ನಾನೇ ಹೋದೆ. ಅತ್ತಿಯ ಕಿವಿ ಮುಕ್ಕಾಲು ಹೋಗಿದ್ದವು. "ಜನ್ಮೆಲ್ಲಾ ಮಷಿನ್ ಸಪ್ಪಳದಾಗ ಕಳದಾಳಲ್ಲ" ಎಂದು ಮನೆಯವರೆಲ್ಲ ಮರುಗುತ್ತಿದ್ದರು. ಅವಳ ಸುಳ್ಳು ವಯಸ್ಸಾದ ಮೇಲೆ ಖರೆಯಾಗಿತ್ತು. ನಾನು ಅವಳ ಕಿವಿಗೆ ಬಾಯಿಟ್ಟು, ಇದ್ದಷ್ಟು ದನಿ ತೆಗೆದು ಕೂಗಿದೆ: "ಅತ್ತಿ, ಮೋಟರೂ ಬದಲಿಸಬೇಕಂತ ಆವತ್ತ ನಾ ಹೇಳಿದ್ನಿಲ್ಲ?" ಪಡಸಾಲೆಯಲ್ಲಿ ಕೂತಿದ್ದ ಕಾಕಾನ ಮಗ, "ಅದ್ಯಾಕಕ್ಕಾ ಈಗ, ಹಳೇ ಮಾತ" ಎಂದ. ಅತ್ತಿ ನನ್ನ ಮುಖ ನೋಡಿದಳು, ಆಮೇಲೆ ನೆಲ ನೋಡಿದಳು. "ಉಂಡ ಹೋಗವ್ವಾ, ಹೊತ್ತಾತು" ಎಂದಳು. ಅವಳಿಗೆ ಕೇಳಿಸಿತ್ತು. ಅಂದು ಮೊರ ನೋಡಿದ ಆ ನೋಟ ನನಗೆ ಗೊತ್ತಿಲ್ಲವೇ?

ದೀಪಾವಳಿಗೆ ಮೊದಲೇ ಅತ್ತಿ ಹೋದಳು. ಮಷಿನ್ನನ್ನು ಗುಜರಿಗೆ ಹಾಕಿದರು, ಅದರ ಜೊತೆ ಆರಿಂಚಿನ ಪುಲ್ಲಿಯೂ ಹೋಯಿತು. ಶೆಡ್ಡಿನಲ್ಲಿ ಈಗ ಮೊಬೈಲ್ ಅಂಗಡಿ. ಓಣಿಯ ಹೆಂಗಸರು ಪಾಕೀಟಿನ ಖಾರ ತರುತ್ತಾರೆ, ಯಾರೂ ಸೀನುವುದಿಲ್ಲ. ಅತ್ತಿಯ ಕೊನೆಯ ಡಬ್ಬಿ ನನ್ನ ಅಡುಗೆಮನೆಯಲ್ಲಿ ತಳ ಕಾಣುತ್ತಿದೆ. ನಾನು ಆ ಮಾತು ಹೇಳಿದಾಗ ಕರೆಂಟ್ ಇರಲಿಲ್ಲ ಎಂದು ಬಲ್ಲವರು ನಾವು ಮೂವರು. ಇಬ್ಬರು ಹೇಳದೆ ಹೋದರು, ಉಳಿದವಳ ಮಾತನ್ನು ಆ ಮನೆಯಲ್ಲಿ ಈಗಲೂ ಯಾರೂ ನಂಬುವುದಿಲ್ಲ.