ದಡದ ದಾರಿ ಬಿಡದ ಬಾಚಣಿಗೆ ಅಕ್ಕ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ದ್ವೀಪದ ಐಷಾರಾಮಿ ರೆಸಾರ್ಟಿನಲ್ಲಿ ಅತಿಥಿಗಳು ತಣ್ಣನೆಯ ಕೋಣೆಗಳಲ್ಲಿ ಮುಸುಕೆಳೆದು ಮಲಗಿದ್ದಾರೆ. ಅವರ ಕಿಟಕಿಗಳ ಮುಂದೆ, ತಲೆಗೆ ಬಟ್ಟೆ ಬಿಗಿದ ಹೆಂಗಸೊಬ್ಬರು ಹಲ್ಲುಗಳಿರುವ ಉದ್ದನೆಯ ಕೋಲಿನಿಂದ ಮರಳು ಬಾಚುತ್ತಿದ್ದಾರೆ. ಅಲೆ ಎಸೆದುಹೋದ ಪಾಚಿ, ಬಾಟಲಿ, ಹರಿದ ಬಲೆ, ಒಂಟಿ ಚಪ್ಪಲಿ ಎಲ್ಲವೂ ಬುಟ್ಟಿ ಸೇರುತ್ತವೆ.

"ಅವರು ಎದ್ದು ನೋಡಿದ್ರೆ ಇಲ್ಲಿ ಯಾರೂ ಕಾಲೇ ಇಟ್ಟಿಲ್ಲ ಅನ್ನಿಸ್ಬೇಕು. ನನ್ನ ಹೆಜ್ಜೇನೂ ನಾನೇ ಅಳಿಸ್ಕೊಂಡು ಹಿಂದಿಂದಕ್ಕೆ ಬರ್ತೀನಿ" ಎನ್ನುತ್ತಾರೆ.

ಹದಿನಾರು ವರ್ಷಗಳಿಂದ ಇದೇ ಕೆಲಸ. ಎಲ್ಲರ ಬಾಯಲ್ಲೂ ಅವರು 'ಬಾಚಣಿಗೆ ಅಕ್ಕ'. ದಿನಕ್ಕೆ ನಲವತ್ತು ಬುಟ್ಟಿ. ಬಿರುಗಾಳಿ ಎದ್ದ ಮರುದಿನ ಎಪ್ಪತ್ತು. ದೋಣಿ ರಿಪೇರಿ ಮಾಡುತ್ತಿದ್ದ ಗಂಡ ಸೊಂಟ ಮುರಿದುಕೊಂಡು ಮನೆ ಹಿಡಿದ ಮೇಲೆ ಇವರು ಕೋಲು ಹಿಡಿದರು. ಮಗಳು ಇದೇ ರೆಸಾರ್ಟಿನ ಲಾಂಡ್ರಿಯಲ್ಲಿ ಟವೆಲ್ ಮಡಚುತ್ತಾಳೆ. ದಡ್ಡುಗಟ್ಟಿದ ಅಂಗೈ ತೋರಿಸಿ ಅಕ್ಕ ನಗುತ್ತಾರೆ: "ಮೊಮ್ಮಗಳ ಕೆನ್ನೆ ಸವರಿದ್ರೆ, 'ಅಜ್ಜಿ, ಉಜ್ಜಬೇಡ' ಅಂತಾಳೆ!"

ಕಳೆದ ವರ್ಷ ಬಂದ ಹೊಸ ಮ್ಯಾನೇಜರ್ ಒಂದು ನಿಯಮ ತಂದರು: ಬಿಸಿಲೇರಿದ ಮೇಲೆ ಕೆಲಸದವರು ಅತಿಥಿಗಳ ಕಣ್ಣಿಗೆ ಬೀಳಕೂಡದು. ಕೆಲಸ ಮುಗಿಸಿ ಮನೆಗೆ ಹೋಗುವ ದೋಣಿ ಹತ್ತಲು, ದಡದ ಮೇಲೆ ನಡೆದರೆ ದೋಣಿಕಟ್ಟೆಗೆ ಐದೇ ನಿಮಿಷ. ಹಿಂದಿನ ದಾರಿಯಾದರೆ ಜನರೇಟರ್ ಶೆಡ್ಡು, ಕಸದ ಗುಂಡಿ ಸುತ್ತಿ, ಬಂಡೆ ಹತ್ತಿಳಿದು ಅರ್ಧ ಗಂಟೆ. ಮಂಡಿ ನೋವಿನಲ್ಲೇ ಅಕ್ಕ ಎರಡು ವಾರ ಸುತ್ತಿದರು. ಒಂದು ದಿನ ಲಾಂಡ್ರಿಯ ಬಸುರಿಯೊಬ್ಬಳು ಅದೇ ಬಂಡೆಯ ಮೇಲೆ ಜಾರಿ ಬಿದ್ದಳು. ಪುಣ್ಯಕ್ಕೆ ತಾಯಿ, ಮಗು ಇಬ್ಬರಿಗೂ ಏನೂ ಆಗಲಿಲ್ಲ. ಮರುದಿನ ಅಕ್ಕ ಕೋಲು ಹೆಗಲಿಗೇರಿಸಿ ದಡದ ಮೇಲೇ ಹೊರಟರು.

ಮ್ಯಾನೇಜರ್ ಓಡಿ ಬಂದರು. "ಏನಮ್ಮಾ ಇದು? ಅತಿಥಿಗಳಿಗೆ ಮುಜುಗರ ಆಗುತ್ತೆ."

"ಕಸ ಎತ್ತೋಳು ನಾನು, ಮುಜುಗರ ಅವರಿಗ್ಯಾಕೆ ಸಾರ್? ನಾನು ಬಾಚಿದ ಮರಳಿನ ಮೇಲೆ ನಾನು ನಡೀಬಾರ್ದಾ?"

ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದುಬಿಟ್ಟರು ಮ್ಯಾನೇಜರ್. ಮನೆಯಲ್ಲಿ ಮಗಳು ಅತ್ತಳು: "ತಪ್ಪಾಯ್ತು ಅಂದ್ಬಿಡಮ್ಮ. ನನ್ನ ಕೆಲಸಕ್ಕೂ ಕುತ್ತು ಬರುತ್ತೆ."

"ತಪ್ಪು ಮಾಡಿದ್ರೆ ಕಾಲಿಗೆ ಬೀಳ್ತಿದ್ದೆ ಕಣೇ. ಮರಳ ಮೇಲೆ ನಡೆದಿದ್ದಕ್ಕೆಲ್ಲ ಬೀಳೋಕಾಗಲ್ಲ" ಎಂದರು ಅಕ್ಕ.

ರೆಸಾರ್ಟಿಗೆ ಮರಳು ಬಾಚುವ ಯಂತ್ರ ಬಂತು. ಒದ್ದೆ ಮರಳಲ್ಲಿ ಹೂತುಕೊಂಡಿತು. ತೋಟದ ಕೆಲಸದವರನ್ನು ಕರೆದರೆ, "ನಮಗೆ ಬಾಚೋಕೆ ಬರಲ್ಲ ಸಾರ್" ಎಂದು ಒಂದೇ ಬಾಯಲ್ಲಿ ಹೇಳಿದರು. ಪಾಚಿ ಕೊಳೆಯಿತು, ಅತಿಥಿಗಳು ಮೂಗು ಮುಚ್ಚಿಕೊಂಡರು. ಹತ್ತನೇ ದಿನ ಮ್ಯಾನೇಜರೇ ದೋಣಿ ಹತ್ತಿ ಅಕ್ಕನ ಮನೆಗೆ ಬಂದರು.

"ಒಳಗೆ ಬನ್ನಿ ಅಂದೆ. ನಮ್ಮನೇಲಿ ಹಿಂದಿನ ಬಾಗಿಲಿಲ್ಲ ಸಾರ್, ಇರೋದು ಇದೊಂದೇ ಅಂದೆ" ಎನ್ನುವಾಗ ಅಕ್ಕನ ಕಣ್ಣಲ್ಲಿ ಮಿಂಚು. ಅವರು ಹಾಕಿದ್ದು ಒಂದೇ ಷರತ್ತು: ತಾನೊಬ್ಬಳೇ ಅಲ್ಲ, ಲಾಂಡ್ರಿಯವರು, ಅಡುಗೆಯವರು ಎಲ್ಲರಿಗೂ ದಡದ ದಾರಿ. ಮ್ಯಾನೇಜರ್ ನೆಲ ನೋಡುತ್ತಾ ಒಪ್ಪಿದರು.

ಈಗ ಎಂಟು ಗಂಟೆ. ಕೆಲಸ ಮುಗಿಸಿದ ಅಕ್ಕ ಆರಾಮಕುರ್ಚಿಗಳ ಮುಂದೆಯೇ ನಡೆಯುತ್ತಾರೆ. ಅತಿಥಿಯೊಬ್ಬರು ತಲೆ ಎತ್ತಿ ನೋಡಿ, ಮತ್ತೆ ಪುಸ್ತಕದಲ್ಲಿ ಮುಳುಗುತ್ತಾರೆ.

ನಾಳೆ ಇನ್ನೊಬ್ಬ ಮ್ಯಾನೇಜರ್ ಬಂದು ತಡೆದರೆ?

"ಇಲ್ಲೇ ಕೂತ್ಬಿಡ್ತೀನಿ. ನನ್ನ ಎತ್ತಿ ಸಾಗಿಸೋಕೆ ನಾಲ್ಕು ಜನ ಬೇಕಲ್ಲ? ಆ ನಾಲ್ಕೂ ಜನ ನಮ್ಮೋರೇ."