ಮೂರನೇ ಚುಕ್ಕೆ

ನಾನು ಓದಿರೋದು ಮೂರನೇ ಕ್ಲಾಸು. ಆದರೂ ಹಳದಿ ಚಿಟ್ಟೆ ವಿಷಯ ಯಾರಾದರೂ ಎತ್ತಿದರೆ ಸಾಕು, ಇವತ್ತಿಗೂ ನನ್ನ ಬಾಯಿ ನಿಲ್ಲೋದಿಲ್ಲ. ಕಲಿಸಿದವಳು ನನ್ನ ಮೊಮ್ಮಗಳು. ಆಗ ಅವಳು ಐದನೇ ಕ್ಲಾಸು. ನಾವು ಬ್ಯಾಡರಹಳ್ಳಿಯಲ್ಲಿ ಮನೆ ಕಟ್ಟಿಕೊಂಡು ಬಂದ ಹೊಸದು. ಸುತ್ತ ಮನೆಗಿಂತ ಖಾಲಿ ಸೈಟೇ ಜಾಸ್ತಿ, ಸೈಟಿನ ತುಂಬಾ ತಂಗಡಿ ಗಿಡ. ಮಳೆ ನಿಂತು ಬಿಸಿಲು ಬಿತ್ತು ಅಂದರೆ ಅರಿಶಿನ ಎರಚಿದ ಹಾಗೆ ಚಿಟ್ಟೆ!

ನನಗೆ ಎಲ್ಲಾ ಒಂದೇ. ಅವಳು ಬಿಡಬೇಕಲ್ಲ.

“ಅಜ್ಜಿ, ರೆಕ್ಕೆ ಮಡಚಿ ಕೂತಾಗ ನೋಡು. ಮುಂದಿನ ರೆಕ್ಕೇಲಿ, ಮೈಗೆ ಹತ್ರ, ಸಾಸಿವೆಗಿಂತ ಸಣ್ಣ ಗುರುತು. ಎರಡಿದ್ರೆ ಒಂದು ಜಾತಿ, ಮೂರಿದ್ರೆ ಇನ್ನೊಂದು.”

“ಅದು ಕೂತ್ರೆ ತಾನೇ ಕಣೇ ನಾನು ಎಣಿಸೋದು?”

ಒಂದು ದಿನ ರಾಜಾಜಿನಗರದ ಸ್ಕೂಲಿಂದ ಬಂದವಳೇ ಬ್ಯಾಗ್ ಬಿಸಾಕಿ ಮೂಲೆ ಹಿಡಿದಳು. ನಮ್ಮ ಸೈಟಲ್ಲಿ ಎರಡೂ ಜಾತಿ ಇದೆ ಅಂತ ಕ್ಲಾಸಲ್ಲಿ ಹೇಳಿದಳಂತೆ. ಪಕ್ಕದ ಹುಡುಗಿ, “ನಿಮ್ಮ ಹಳ್ಳೀಲಿ ಚಿಟ್ಟೆಗೂ ಬೊಟ್ಟು ಇಡ್ತಾರೇನೇ?” ಅಂದಳಂತೆ. ಕ್ಲಾಸಿಗೆ ಕ್ಲಾಸೇ ನಗು. ಮಿಸ್ಸು, “ದಸರಾ ರಜಕ್ಕೆ ಮುಂಚೆ ಮೂರು ಚುಕ್ಕೇದು ತಂದು ತೋರ್ಸು, ನೋಡೋಣ” ಅಂದರಂತೆ. ತೋರಿಸದಿದ್ದರೆ ಇವಳು ಸುಳ್ಳಿ ಅಂತಾಗುತ್ತೆ. ಕೈಯಲ್ಲಿ ಹಿಡಿದರೆ ರೆಕ್ಕೆ ಪುಡಿ ಉದುರಿ ಗುರುತೇ ಅಳಿಸಿಹೋಗುತ್ತೆ.

“ಹಿಡಿಯೋದ್ಯಾಕೆ? ಸಾಕೋಣ ಬಾ,” ಅಂದೆ.

ನಮ್ಮಪ್ಪನ ಮನೇಲಿ ರೇಷ್ಮೆ ಹುಳ ಸಾಕ್ತಿದ್ವಿ, ನೂಲೂ ನಾವೇ ತೆಗೀತಿದ್ವಿ. ಹುಳಕ್ಕೆ ಸೊಪ್ಪು ಹಾಕೋಕೆ ಅಂತಲೇ ನನ್ನ ಸ್ಕೂಲು ಬಿಡಿಸಿದ್ದು. ಎರಡು ಚುಕ್ಕೆಯ ಚಿಟ್ಟೆ ಒಂದೊಂದೇ ಮೊಟ್ಟೆ ಇಡುತ್ತಂತೆ, ಮೂರು ಚುಕ್ಕೇದು ಗುಂಪಾಗಿ. ಅವಳ ಪುಸ್ತಕದಲ್ಲಿತ್ತು. ಇಬ್ಬರೂ ಸೈಟೆಲ್ಲಾ ಜಾಲಾಡಿ, ಒಂದು ಕಕ್ಕೆ ಸಸಿಯ ಚಿಗುರಲ್ಲಿ ಅಕ್ಕಿ ನುಚ್ಚು ಚೆಲ್ಲಿದಂಥ ಗುಂಪು ಹುಡುಕಿದ್ವಿ. ಚಿಗುರು ಸಮೇತ ಮನೆಗೆ ತಂದು ಮೊರದಲ್ಲಿಟ್ಟೆ. ಹಸಿರು ಹುಳ, ಕಪ್ಪು ತಲೆ. ಹೊತ್ತು ಹೊತ್ತಿಗೆ ಎಳೇ ಕಕ್ಕೆ ಸೊಪ್ಪು ಹಾಕ್ತಿದ್ದೆ. ಹುಳ ಮೇವು ಬಿಟ್ಟು ತಲೆ ಎತ್ತಿಕೊಂಡು ಕೂತರೆ, “ಜ್ವರಕ್ಕೆ ಹೋಗಿದೆ, ಮುಟ್ಟಬೇಡ, ಪೊರೆ ಬಿಡುತ್ತೆ” ಅಂತಿದ್ದೆ. ಅವಳು ಬಾಯಿ ಬಿಟ್ಟುಕೊಂಡು ಕೇಳೋಳು. ನನ್ನ ಮಾತನ್ನ ಯಾರಾದರೂ ನೋಟ್‌ಬುಕ್ಕಲ್ಲಿ ಬರೆದುಕೊಂಡಿದ್ದು ಅದೇ ಮೊದಲು!

ಬದುಕಿದ್ದು ಹನ್ನೊಂದು. ಹನ್ನೊಂದೂ ಕಡ್ಡಿಗಳಿಗೆ ಜೋತುಬಿದ್ದು ಗೂಡಾದವು. ಏಳನೇ ದಿನ ಬೆಳಗ್ಗೆ ನಾನು ಏನು ಮಾಡಿದೆ ಗೊತ್ತಾ? ಹಪ್ಪಳ ಒಣಗಿಸೋಕೆ ಹೋದವಳು ಮೊರವನ್ನೂ ತಗೊಂಡು ಹೋಗಿ ತಾರಸಿ ಮೇಲೆ ಸುಡುಬಿಸಿಲಿಗೆ ಇಟ್ಟು ಬಂದೆ. ರೇಷ್ಮೆ ಗೂಡು ಗಟ್ಟಿಯಾಯ್ತು ಅಂದರೆ ಬಿಸಿಲಿಗೆ ಹಾಕಬೇಕು, ಒಳಗಿನ ಹುಳ ಸಾಯಬೇಕು. ಚಿಟ್ಟೆ ಹೊರಗೆ ಬಂದರೆ ಗೂಡು ತೂತು, ನೂಲು ಹಾಳು, ಅಪ್ಪನ ಕೈಲಿ ಬೈಗಳು. ಆ ಭಯ ನನ್ನ ಕೈಯಲ್ಲೇ ಕೂತಿತ್ತು. ತಲೆ ಮಾತು ಕೇಳಲೇ ಇಲ್ಲ ಕೈ.

ಮಧ್ಯಾಹ್ನ ಅವಳು ಸ್ಕೂಲಿಂದ ಬಂದು, “ಅಜ್ಜೀ, ಮೊರ ಎಲ್ಲಿ?” ಅಂದಾಗಲೇ ನನಗೆ ಜ್ಞಾನ ಬಂದಿದ್ದು. ಇಬ್ಬರೂ ತಾರಸಿಗೆ ಓಡಿದ್ವಿ. ಎಲ್ಲಾ ಸುಕ್ಕಿ ಹೋಗಿದ್ದವು. ಅವಳು ಒಂದೊಂದನ್ನೂ ಹುಲ್ಲುಕಡ್ಡಿಯಲ್ಲಿ ಸವರಿದಳು. ಹಪ್ಪಳ ಹರಡಿದ್ದ ಸೀರೆಯ ಅಂಚು ಹಾರಿ ಬಿದ್ದು ನೆರಳಾಗಿದ್ದ ಕಡೆ ಒಂದೇ ಒಂದು ಗೂಡು ಸೊಂಟ ಅಲ್ಲಾಡಿಸಿತು.

“ಬಯ್ಯೇ ನನ್ನ,” ಅಂದೆ.

“ಮಾತಾಡ್ಬೇಡ ಅಜ್ಜಿ, ನೆರಳು ಹಿಡಿ.”

ಅದನ್ನ ಎರಡು ಜರಡಿ ಬಾಯಿಗೆ ಬಾಯಿ ಕಟ್ಟಿ ಒಳಗಿಟ್ಟೆ. ಗೂಡಿನ ಕಡೆ ಅವಳು ನನ್ನನ್ನ ಬಿಡ್ತಾನೇ ಇರಲಿಲ್ಲ. ಒಂದು ಸಂಜೆ ಗೂಡಿನೊಳಗಿಂದ ಹಳದಿ ಕಾಣಿಸ್ತು. ರಜ ಶುರುವಾಗೋಕೆ ಎರಡೇ ದಿನ. ಮಾರನೇ ಬೆಳಗ್ಗೆ ಸೀಳಿಕೊಂಡು ಹೊರಗೆ ಬಂತು ನೋಡಿ, ಒದ್ದೆ ಬಟ್ಟೆ ಮುದ್ದೆ ಹಾಗೆ! ಗೂಡು ಒಡೆದರೆ ಎದೆ ಒಡೆದುಕೊಳ್ತಿದ್ದವಳು ನಾನು. ಅವತ್ತು ಚಪ್ಪಾಳೆ ತಟ್ಟಿಬಿಟ್ಟೆ.

ಗುರುತು ನೋಡೋಕೆ ಇಬ್ಬರಿಗೂ ಧೈರ್ಯ ಇಲ್ಲ. ಜರಡಿ ಸಮೇತ ಬಸ್ ಹತ್ತಿದ್ವಿ. ಕಂಡಕ್ಟರು, “ಏನಜ್ಜಿ, ಗಾಳಿ ಜರಡಿ ಹಿಡೀತಾ ಇದೀರಾ?” ಅಂದ.

“ಒಳಗೆ ಒಬ್ಬಳು ರಾಣಿ ಇದಾಳೆ ಕಣಪ್ಪಾ, ಬ್ರೇಕ್ ಮೆಲ್ಲಗೆ ಹಾಕೋಕೆ ಹೇಳು.”

ಕ್ಲಾಸಿನ ಬಾಗಿಲಲ್ಲಿ ನಿಂತೆ. ಮಿಸ್ಸು ಮೇಲಿನ ಜರಡಿ ಸ್ವಲ್ಪ ಎತ್ತಿ, ಬೊಟ್ಟಿನ ಮಾತಾಡಿದ್ದ ಹುಡುಗೀನೇ ಕರೆದರು. ಅವಳು ಮೂಗು ತಾಗೋ ಹಾಗೆ ಬಗ್ಗಿದಳು. ಚಿಟ್ಟೆ ರೆಕ್ಕೆ ಮಡಚಿ ಕೂತಿತ್ತು.

“ಒಂದು… ಎರಡು…” ಅಂದು ನಿಲ್ಲಿಸಿದಳು.

“ಮೂರು, ಮಿಸ್.”

ನನ್ನ ಮೊಮ್ಮಗಳು ಮಿಸ್ಸನ್ನ ನೋಡಲಿಲ್ಲ, ಆ ಹುಡುಗೀನ ನೋಡಲಿಲ್ಲ. ಬಾಗಿಲ ಕಡೆ ತಿರುಗಿ, “ನಮ್ಮಜ್ಜಿ ಸಾಕಿದ್ದು” ಅಂದಳು.